ದೇವದುರ್ಗಕ್ಕೆ, ಅತ್ತೆಯ ಒಪ್ಪಿಗೆ ಕೇಳಲು

ರಾಯಚೂರು ನಿಲ್ದಾಣದಿಂದ ದೇವದುರ್ಗದ ಬಸ್ಸು ಬೆಳಿಗ್ಗೆ ಏಳೂವರೆಗೆ ಹೊರಟಿತು. ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು, ಕಿಟಕಿಯ ಗಾಳಿ ಇನ್ನೂ ತಣ್ಣಗಿತ್ತು. ಆಧಾರ್ ಕಾರ್ಡ್ ತೋರಿಸಿ ಹೆಂಗಸರ ಉಚಿತ ಟಿಕೆಟ್ ಪಡೆದೆ. ಐವತ್ತು ಕಿಲೋಮೀಟರಿಗೆ ಸ್ವಲ್ಪ ಮೇಲಿನ ದಾರಿ. ಚೀಲದಲ್ಲಿ ಆಸ್ಪತ್ರೆಯ ಒಂದು ಕಾಗದವಿತ್ತು.

ನಮ್ಮ ಮನೆಯವರು ಬಸವರಾಜ, ಅಕ್ಕಿ ಗಿರಣಿಯಲ್ಲಿ ಮಷಿನ್ ನಡೆಸುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರ್ ಆಗಿ ಮೂರು ತಿಂಗಳ ಹಿಂದೆ ತೀರಿಕೊಂಡರು. ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಮೂರು ವಾರಕ್ಕೊಮ್ಮೆ ಇಮ್ಯುನೋಥೆರಪಿ ಕೊಡಿಸುತ್ತಿದ್ದೆವು. ಅವರು ಅಲ್ಲಿನ ಸಂಶೋಧನೆಗೂ ಸೇರಿದ್ದರಿಂದ ಪ್ರತಿ ಡೋಸಿಗೆ ಮೊದಲು ಬೇರೆಯಾಗಿ ರಕ್ತ ತೆಗೆಯುತ್ತಿದ್ದರು. ರಕ್ತದಲ್ಲಿ ತಿರುಗುವ ಕೆಲವು ಬಿಳಿ ಕಣಗಳು ರೋಗವನ್ನು ಗುರುತಿಸಿ ಕೊಲ್ಲುತ್ತವೆ, ಕ್ಯಾನ್ಸರ್ ಅವನ್ನು ತಡೆದು ಹಿಡಿಯುತ್ತದೆ, ಈ ಔಷಧ ಆ ತಡೆ ಬಿಡಿಸುತ್ತದೆ ಎಂದು ಡಾಕ್ಟರು ಹೇಳಿದ್ದರು. "ಅಂದ್ರ ಬ್ರೇಕ್ ಬಿಡಿಸಿ ಮಷಿನ್ ಚಾಲೂ ಮಾಡೂದು, ಅಲ್ರೀ?" ಎಂದು ಮನೆಯವರು ಕೇಳಿದಾಗ ಡಾಕ್ಟರು ನಕ್ಕು ತಲೆಯಾಡಿಸಿದ್ದರು. ಮೊದಲ ಡೋಸಿನ ನಂತರ ಆ ಕಣಗಳು ಹೆಚ್ಚಾದವು. ಆ ವಾರ ಅವರು ಎರಡು ರೊಟ್ಟಿ ಉಂಡರು. ನಾಲ್ಕನೇ ಡೋಸಿನ ಹೊತ್ತಿಗೆ ಕಣಗಳು ಇಳಿದಿದ್ದವು, ಗಡ್ಡೆ ಬೆಳೆದಿತ್ತು.

ಹೋದ ವಾರ ಅಲ್ಲಿನ ನರ್ಸ್ ಫೋನ್ ಮಾಡಿದ್ದರು. ಬಸವರಾಜರ ರಕ್ತದ ಕಣಗಳನ್ನು ಇನ್ನೂ ಇಲ್ಲಿ ಮಂಜುಗಟ್ಟುವಷ್ಟು ತಣ್ಣಗೆ ಇಟ್ಟಿದ್ದೇವೆ, ಸಂಶೋಧನೆಗೆ ಇಟ್ಟುಕೊಳ್ಳಬೇಕೋ ನಾಶ ಮಾಡಬೇಕೋ ತಿಳಿಸಿ ಎಂದರು. "ನನ್ನ ನಂತರ ಕುಟುಂಬದವರನ್ನು ಕೇಳಿ" ಎಂದು ಅವರೇ ಬರೆದುಕೊಟ್ಟಿದ್ದರಂತೆ. ಆಸ್ಪತ್ರೆ ಕಳಿಸಿದ ಒಪ್ಪಿಗೆ ಕಾಗದಕ್ಕೆ ನನ್ನ ಸಹಿ ಸಾಕಾಗುತ್ತಿತ್ತು. ಆದರೆ ಹೆತ್ತವಳನ್ನು ಕೇಳದೆ ಸಹಿ ಮಾಡಲು ಕೈ ಬರಲಿಲ್ಲ. ಕೇಳಬೇಕೆಂದರೆ ಮೊದಲು ನಿಜ ಹೇಳಬೇಕು. ಅತ್ತೆಗೆ ನಾವು ಕ್ಯಾನ್ಸರ್ ಎಂದು ಹೇಳಿರಲಿಲ್ಲ, ದಮ್ಮು ಎಂದಿದ್ದೆವು.

ಗಬ್ಬೂರಿನಲ್ಲಿ ಬಸ್ಸು ತುಂಬಿತು. "ಫ್ರೀ ಅಂತ ಊರಿಗೂರೇ ಹೊಂಟೀರೇನವ್ವಾ?" ಎಂದು ಕಂಡಕ್ಟರ್ ರೇಗಿಸಿದ. "ನಿಮ್ಮಪ್ಪನ ಬಸ್ಸೇನೋ? ಸರಿ ಅತ್ತಾಗ," ಎಂದಳು ಬುಟ್ಟಿ ಹೊತ್ತ ಹೆಂಗಸು. ಬಸ್ಸೆಲ್ಲ ನಕ್ಕಿತು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡೆ, ತಿನ್ನಲಾಗಲಿಲ್ಲ.

ಅತ್ತೆ ದೇವದುರ್ಗದಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾರೆ. ನಾನು ಹೋದಾಗ ಒಬ್ಬರೇ ಬಡಿಯುತ್ತಿದ್ದರು.

"ಬಾ ಬೇ, ಕುಂದ್ರು. ಬಿಸಿದು ತಿನ್ನು."

"ಅತ್ತಿ, ಅವರಿಗಿ ದಮ್ಮು ಇರಲಿಲ್ಲ. ಕ್ಯಾನ್ಸರ್ ಆಗಿತ್ತು."

ಅವರ ಕೈ ನಿಲ್ಲಲಿಲ್ಲ. ರೊಟ್ಟಿಯ ಅಂಚು ಹರಿಯಿತು.

"ನಿನಗ ಯಾವಾಗ ಗೊತ್ತಾತು?"

"ಹ್ವಾದ ಶಿವರಾತ್ರಿಗಿ. ಅವ್ವಗ ಹೇಳಬ್ಯಾಡ ಅಂತ ಅವರೇ ಆಣಿ ಹಾಕಿಸಿದ್ರು."

"ಅಂದ್ರ ಯುಗಾದಿಗಿ ಬಂದಾಗ ಗೊತ್ತಿತ್ತು. ಜ್ವಾಳದ ಚೀಲ ಎತ್ತಿಡು ಅಂದ್ರ ಕುಂತುಬಿಟ್ಟ. ಮೈಗಳ್ಳ ಆಗೀ ಅಂತ ಬೈದೆ. ನೀ ಬಾಜೂಕ ಕುಂತು ಕೇಳಿದಿ."

ಚೀಲದಿಂದ ಕಾಗದ ತೆಗೆದೆ. ಆಸ್ಪತ್ರೆಯಲ್ಲಿ ಇಟ್ಟಿರುವ ರಕ್ತದ ವಿಷಯ ಹೇಳಿದೆ.

"ಹ್ವಾದಾವನ ರಕ್ತ ಸತ್ತಿಲ್ಲೇನು?"

"ಜೀವ ಹಿಡಕೊಂಡಿರತಾವಂತ ಅತ್ತಿ. ಬೆಚ್ಚಗ ಮಾಡಿದ್ರ ಏಳತಾವಂತ."

ಅತ್ತೆ ಒಲೆಯ ಉರಿ ತಗ್ಗಿಸಿದರು. "ಕೈಯಾಗ ಲಿಂಗ ಇಟ್ಟು, ಕುಂದ್ರಿಸಿ, ಇಡೀ ಮಗನ್ನ ಮಣ್ಣಿಗಿ ಕೊಟ್ಟೀನಿ ಅಂತ ತಿಳಿದಿದ್ದೆ. ಅರ್ಧ ಹೊರಗ ಬಿಟ್ಟು ಮುಚ್ಚಿಸೀರಿ. ತಂದು ಕೊಡು, ಅವನ ಬಾಜೂಕ ಮಣ್ಣಾಗ ಹಾಕ್ತೀನಿ."

"ಕೈಯಾಗ ಕೊಡೂದಿಲ್ಲಂತ. ಇಟ್ಕೊಂತಾರ, ಇಲ್ಲಾ ನಾಶ ಮಾಡ್ತಾರ."

"ಇಟ್ಕೊಂಡು ಏನು ಮಾಡ್ತಾರ?"

ಮಾನ್ವಿಯ ಟೇಲರ್ ಖಾಸಿಂಸಾಬರ ಬಗ್ಗೆ ಹೇಳಿದೆ. ಅವರಿಗೂ ಇದೇ ರೋಗ, ಇದೇ ಔಷಧ, ಪಕ್ಕದ ಮಂಚ. ಅವರ ರಕ್ತದಲ್ಲಿ ಎದ್ದ ಕಣಗಳು ಮತ್ತೆ ಇಳಿಯಲಿಲ್ಲ. ಒಬ್ಬರಲ್ಲಿ ಯಾಕೆ ನಿಂತವು, ಇನ್ನೊಬ್ಬರಲ್ಲಿ ಯಾಕೆ ಸೋತವು ಎಂದು ತಿಳಿಯಲು ಎರಡೂ ರಕ್ತ ಬೇಕು ಎಂದು ನರ್ಸ್ ಹೇಳಿದ್ದರು.

"ಅಂವ ಇನ್ನಾ ಅದಾನ?"

"ಅದಾರ."

ಅತ್ತೆ ಕೈ ತೊಳೆದುಕೊಂಡರು. "ನನಗ ತೋರಿಸು."

ಹನ್ನೊಂದರ ಬಸ್ಸಿಗೆ ಸಿರವಾರದ ಮೇಲೆ ಮಾನ್ವಿಗೆ ಹೊರಟೆವು. ಬಿಸಿಲು ಏರಿತ್ತು. ಸಿರವಾರದ ಬಳಿ ಹತ್ತಿ ಹೇರಿದ ಲಾರಿಗಳ ಹಿಂದೆ ಬಸ್ಸು ಬಹಳ ಹೊತ್ತು ತೆವಳಿತು. ಮುಂದೆ ಕಾಲುವೆ ನೀರು ಕಂಡಿತು, ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿತ್ತು. ಅತ್ತೆ ನನ್ನ ಪಕ್ಕ ಜಾಗವಿದ್ದರೂ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ದಾರಿಯುದ್ದಕ್ಕೂ ಅವರ ಸೆರಗು ಹೊದ್ದ ತಲೆಯ ಹಿಂಭಾಗವನ್ನೇ ನೋಡಿದೆ.

ಖಾಸಿಂಸಾಬರು ಅಂಗಡಿಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಮೈ ತುಂಬಿಕೊಂಡಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಜೊತೆಯಲ್ಲಿರುವವರು ಯಾರೆಂದು ಹೇಳಿದಾಗ ತಲೆ ತಗ್ಗಿಸಿದರು.

"ಬರ್ರಿ ಯವ್ವಾ. ಬಸಣ್ಣ ಬೀಡಿ ಮುಟ್ಟಿದಾವಲ್ಲ. ನಾ ಮೂವತ್ತು ವರ್ಷ ಸೇದಿದಾವ. ಉಳದಾವ ನಾನು ನೋಡ್ರಿ."

"ಈಗೂ ಸೇದ್ತೀ ಏನು?"

"ಇಲ್ಲ ಯವ್ವಾ, ತೌಬಾ."

"ಸೇದಿದ್ದು ಕಿವಿಗಿ ಬಿತ್ತಂದ್ರ ಬಂದು ಕೈ ಮುರೀತೀನಿ."

ಖಾಸಿಂಸಾಬರು ನಗಲು ಹೋಗಿ ಕಣ್ಣೊರೆಸಿಕೊಂಡರು. ಅತ್ತೆ ಅವರ ಮೊಣಕೈ ಹಿಡಿದು, ರಕ್ತ ತೆಗೆದ ಜಾಗದ ಕಪ್ಪು ಗುರುತನ್ನು ನೋಡಿದರು. ಆಮೇಲೆ ಅವರ ಬೆನ್ನ ಮೇಲೆ ಅಂಗೈ ಇಟ್ಟರು.

"ಒಮ್ಮಿ ಉಸಿರು ತಗೋ ಯಪ್ಪಾ."

ಅವರು ಎಳೆದುಕೊಂಡರು.

"ಇನ್ನೊಮ್ಮಿ. ಜೋರ ತಗೋ."

ಮೂರು ಸಲ ತೆಗೆದುಕೊಂಡರು. ಕೆಮ್ಮು ಬರಲಿಲ್ಲ. ಅತ್ತೆಯ ಅಂಗೈ ಅವರ ಬೆನ್ನಿನ ಜೊತೆ ಏರಿ ಇಳಿಯುತ್ತಿತ್ತು. ಕೈ ತೆಗೆದ ಮೇಲೆ ನನ್ನ ಕಡೆ ನೋಡದೆ, ಅವರಿಗೇ ಹೇಳಿದರು:

"ಇರಲಿ. ನಿನ್ನ ರಕ್ತದ ಬಾಜೂಕ ಅವಂದೂ ಇಟ್ಕೊಳ್ಳಲಿ. ಇನ್ನೊಬ್ಬಾಕಿ ಮಗ ಉಳದ್ರ ಉಳೀಲಿ."

ಅಲ್ಲೇ ಹೊಲಿಗೆ ಮೇಜಿನ ಮೇಲೆ ಕಾಗದವಿಟ್ಟು ಸಹಿ ಮಾಡಿದೆ. ಖಾಸಿಂಸಾಬರು ಚಹಾ ತರಿಸಿದರು. ಅತ್ತೆ ಕುಡಿದರು.

ನಿಲ್ದಾಣಕ್ಕೆ ದೇವದುರ್ಗದ ಬಸ್ಸು ಮೊದಲು ಬಂತು.

"ನಾನೂ ಬರಲೇನು ಅತ್ತಿ? ನಾಕು ದಿನ ನಿಮ್ಮ ಜೋಡಿ ಇರತೀನಿ."

"ಬ್ಯಾಡ. ಈಗ ಬ್ಯಾಡ ಬೇ. ನಿನ್ನ ನೋಡಿದ್ರ ಆ ಯುಗಾದಿ ಕಣ್ಣಿಗಿ ಬರತದ."

ಹತ್ತಿ ಆಚೆ ಬದಿಯ ಕಿಟಕಿಗೆ ಕುಳಿತರು. ಬಸ್ಸು ತಿರುಗುವವರೆಗೆ ನಿಂತು ನೋಡಿದೆ.

ರಾಯಚೂರಿನ ಬಸ್ಸಿನಲ್ಲಿ ಕುಳಿತು ನರ್ಸಿಗೆ ಫೋನ್ ಮಾಡಿ, ಇಟ್ಟುಕೊಳ್ಳಿ ಎಂದೆ. "ಮನೆಯಲ್ಲಿ ಎಲ್ಲರೂ ಒಪ್ಪಿದರಾ ಅಮ್ಮಾ?" ಎಂದು ಅವರು ಕೇಳಿದರು.

"ಅವರವ್ವ ಮಗನ ರಕ್ತ ಕೊಟ್ಟಾರ್ರೀ," ಎಂದೆ. ನನ್ನನ್ನು ಮಾತ್ರ ಇನ್ನೂ ಒಪ್ಪಿಲ್ಲ ಎಂಬುದನ್ನು ಹೇಳದೆ ಫೋನ್ ಇಟ್ಟೆ.