ಸೀರೆ ಸುತ್ತಿಕೊಂಡು ಕಾರವಾರಕ್ಕೆ ಹೋದ ಕಂಪ್ಯೂಟರು

ಬೆಳಿಗ್ಗೆ ಎಂಟಕ್ಕೆ ಭಾವಿಕೇರಿಯಲ್ಲಿ ಟೆಂಪೋ ಹತ್ತಿದಾಗ ನಾವು ಮೂವರಿದ್ದೆವು: ನಾನು, ನನ್ನ ಅಮ್ಮ ಅಂದರೆ ಆಯಿ, ಅವಳ ತೊಡೆಯ ಮೇಲೆ ಹಳೆಯ ನೂಲಿನ ಸೀರೆ ಸುತ್ತಿಕೊಂಡು ಕೂತ ನಮ್ಮ ಕಂಪ್ಯೂಟರು. ಮಾನಿಟರನ್ನು ಮನೆಯಲ್ಲೇ ಬಿಟ್ಟು ಡಬ್ಬವನ್ನಷ್ಟೇ ತಂದಿದ್ದೆವು.

ಐದು ವರ್ಷದ ಹಿಂದೆ ನಾನು ಆಟ ಆಡಲೆಂದೇ ಕೊಂಡ ಯಂತ್ರ ಅದು. ನಾನು ಶಾಲೆಯಲ್ಲಿ ಪಾಠ ಮಾಡುವ ಹೊತ್ತಿಗೆ ಆಯಿ ಮನೆಯಲ್ಲಿ ಕಾರಿನ ರೇಸು ಕಲಿತಳು. ಸೈಕಲ್ಲೂ ಹತ್ತದವಳು ಇಪ್ಪತ್ತೊಂಬತ್ತು ರೇಸು ಗೆದ್ದು ಕೊನೆಯದಕ್ಕೆ ಬಂದಿದ್ದಳು. ಆಗ, ನವರಾತ್ರಿ ಕಳೆದದ್ದೇ, ಮೂರನೇ ಸುತ್ತಿನಲ್ಲಿ ಯಂತ್ರ ತಾನಾಗಿ ಆರಿಹೋಗತೊಡಗಿತು. ಗ್ರಾಫಿಕ್ಸ್ ಕಾರ್ಡು ಹೋಗಿದೆ, ಹೊಸತು ಹಾಕಬೇಕು ಎಂದು ನಾನು ಹೇಳಿಬಿಟ್ಟೆ. ಹೋಗಿದೆಯೋ ಇಲ್ಲವೋ ನನಗೇನು ಗೊತ್ತು? ನನ್ನ ಕಪಾಟಿನಲ್ಲಿ ಹೊಸ ಯುದ್ಧದ ಆಟದ ಸಿಡಿ ಕಾಯುತ್ತಿತ್ತು, ಅದಕ್ಕೆ ಒಳ್ಳೆಯ ಕಾರ್ಡು ಬೇಕಿತ್ತು. ಆಯಿ ಮಾತ್ರ ನಾನು ಹೇಳಿದ್ದನ್ನು ನಂಬಿ ಹೊರಟಿದ್ದಳು.

ಅಂಕೋಲೆಯಲ್ಲಿ ಕಾರವಾರದ ಬಸ್ಸು ಸಿಕ್ಕಿತು. ತಲೆಗೆ ಹದಿನೆಂಟು ರೂಪಾಯಿ. ಕಂಡಕ್ಟರು ಸೀರೆಯ ಗಂಟನ್ನು ನೋಡಿ, "ಅಮ್ಮಾ, ಇದ್ಕೆ ಹಾಫ್ ಟಿಕೇಟೋ, ಲಗೇಜೋ?" ಎಂದ.

"ತೊಡೆಮೇಲೆ ಕೂತದ್ದಕ್ಕೆ ಎಂತಾ ಟಿಕೇಟು? ಅತ್ತು ನಿಂಗೆ ತ್ರಾಸು ಕೊಡ್ತದ್ಯಾ?" ಎಂದಳು ಆಯಿ. ಅವನು ನಗುತ್ತ ಮುಂದೆ ಹೋದ.

ಅವರ್ಸಾ, ಹಾರವಾಡ, ಅಮದಳ್ಳಿ ದಾಟಿದವು. ಮಳೆಗಾಲ ಮುಗಿದು ಬಿಸಿಲು ಚುರುಕಾಗಿತ್ತು. ಬಿಣಗಾದ ಏರಿನಲ್ಲಿ ಎಡಕ್ಕೆ ಸಮುದ್ರ ಕಂಡಿತು. ನಾನು ಸಮುದ್ರ ನೋಡುತ್ತಿದ್ದರೆ ಆಯಿ ರಸ್ತೆ ನೋಡುತ್ತಿದ್ದಳು. ಪ್ರತಿ ತಿರುವಿಗೂ ಅವಳ ಬೆರಳು ಸೀರೆಯ ಮೇಲೆ ಎಡಕ್ಕೆ, ಬಲಕ್ಕೆ ಒತ್ತುತ್ತಿತ್ತು. "ಇವಂಗೆ ಬ್ರೇಕ್ ಮೇಲೇ ಜೀವ" ಎಂದು ಡ್ರೈವರನ ಬಗ್ಗೆ ನನ್ನ ಕಿವಿಯಲ್ಲಿ ಹೇಳಿದಳು.

ಕಂಪ್ಯೂಟರ್ ಅಂಗಡಿಯ ಉಲ್ಲಾಸ ಸದಾಶಿವಗಡದವನು, ದಿನಾ ಕಾಳಿ ನದಿಯ ಸೇತುವೆ ದಾಟಿ ಬರುವವನು. ಡಬ್ಬದ ಪಕ್ಕದ ತಗಡು ಬಿಚ್ಚಿದವನೇ ಒಳಗೆ ಇಣುಕಿದ. ಆಮೇಲೆ ಚಿಮಟಿಗೆಯಿಂದ ಒಂದೊಂದೇ ಎಸಳು ಎತ್ತಿ ಕಾಗದದ ಮೇಲಿಟ್ಟ. ಒಣಗಿದ ಗೊಂಡೆ ಹೂವು. ಫ್ಯಾನಿನ ರೆಕ್ಕೆಗೆ ಕುಂಕುಮ ಗಟ್ಟಿಯಾಗಿ ಅಂಟಿತ್ತು.

"ಇದ್ಕೆ ಯಾರು ಪೂಜೆ ಮಾಡದ್ರು?"

ಆಯುಧಪೂಜೆಗೆ ಕತ್ತಿ, ಗುದ್ದಲಿ, ಈಳಿಗೆಮಣೆಯ ಸಾಲಿನಲ್ಲಿ ಇದನ್ನೂ ಕೂರಿಸಿದ್ದೆವು. ಹಿಂದಿನ ಜಾಳಿಗೆಯ ತೂತುಗಳಲ್ಲಿ ಹೂವಿನ ತೊಟ್ಟು ಚೆಂದ ಕೂಡುತ್ತದೆ ಎಂದು ಆಯಿ ಒಂದೊಂದಕ್ಕೂ ಸಿಕ್ಕಿಸಿದ್ದಳು. ಫ್ಯಾನು ನಿಂತು, ಯಂತ್ರ ಕಾದು ಆರುತ್ತಿತ್ತು, ಅಷ್ಟೇ.

ಆಯಿಯ ಮುಖ ಸಣ್ಣದಾಯಿತು. "ಹಂಗಾರೆ ನಾನೇ ಹಾಳ್ಮಾಡದೆ. ಇವ ಹೇಳ್ದ ಕಾರ್ಡು ಹಾಕ್ಬಿಡು ತಮಾ."

ಉಲ್ಲಾಸ ಅಡ್ಡಡ್ಡ ತಲೆಯಾಡಿಸಿದ. "ಈಗ ಬರೂ ಕಾರ್ಡು ಈ ಬೋರ್ಡಿಗೆ ಕೂಡೂದಿಲ್ಲ. ಬೋರ್ಡು, ಪ್ರೊಸೆಸರು ಎರಡೂ ಬದಲಿಸ್ಬೇಕು. ಡಿಸ್ಕು ಅಳಿಸಿ ಎಲ್ಲಾ ಹೊಸದಾಗಿ ಹಾಕ್ಬೇಕು. ಆಟದಲ್ಲಿ ಗೆದ್ದದ್ದು ಉಳೀತದೆ ಅಂತ ನಾ ಹೇಳೂದಿಲ್ಲ."

ಆಯಿ ಎಸಳುಗಳನ್ನು ಕಾಗದದ ನಡುವಿಗೆ ಸರಿಸಿದಳು. "ಹೋಗ್ಲಿ. ಮತ್ತೆ ಮೊದ್ಲಿಂದ ಆಡ್ತೆ."

ಇಪ್ಪತ್ತೊಂಬತ್ತು ರೇಸು. ಸುಮ್ಮನಿದ್ದರೆ ನನಗೆ ಬೇಕಾದದ್ದು ಸಿಗುತ್ತಿತ್ತು.

"ಆಯಿ, ಕಾರ್ಡು ಹೋಗಿರ್ಲಿಲ್ಲ" ಎಂದೆ. "ನಂಗೆ ಬೇಕಾಗಿತ್ತು."

"ಗೊತ್ತದೆ" ಎಂದಳು. "ನಿನ್ನ ಕಪಾಟು ಒರೆಸೂದು ಯಾರು?"

ಉಲ್ಲಾಸ ಬಗ್ಗಿ ಫ್ಯಾನು ಉಜ್ಜತೊಡಗಿದ, ನಗು ಕಾಣಬಾರದೆಂದು ಇರಬೇಕು. ಹಳೆಯ ಮೆಮೊರಿ ಪಟ್ಟಿಯ ತುದಿಗೆ ಉಪ್ಪುಗಾಳಿಯ ಕಿಲುಬು ಹಿಡಿದಿತ್ತು. ಅದನ್ನು ಪೆನ್ಸಿಲಿನ ರಬ್ಬರಿನಿಂದ ತಿಕ್ಕಿ ಹೊಳೆಸಿದ. ಜೊತೆಗೆ ಇನ್ನೊಂದು ಪಟ್ಟಿ ಹಾಕಿದರೆ ಇಬ್ಬರ ಆಟಕ್ಕೂ ಅನುಕೂಲ, ಮಿಕ್ಕದ್ದು ಇನ್ನೆರಡು ವರ್ಷ ಹೀಗೇ ನಡೆಯಲಿ ಎಂದ. ಆಯಿ ಒಪ್ಪಿದಳು. ನನ್ನನ್ನು ಯಾರೂ ಕೇಳಲಿಲ್ಲ.

ಎಸಳುಗಳನ್ನು ಕಸದ ಬುಟ್ಟಿಗೆ ಸುರಿಯಲು ಹೋದವನ ಕೈಯನ್ನು ಆಯಿ ತಡೆದಳು. ಪೂಜೆಯ ಹೂವು ನೀರಿಗೇ ಸೇರಬೇಕು. ಹೊಸ ಮೆಮೊರಿಯ ಖಾಲಿ ಪೊಟ್ಟಣದಲ್ಲಿ ಅವನ್ನು ತುಂಬಿಕೊಂಡು ಕಡಲ ದಂಡೆಗೆ ಹೋದೆವು. ಡಬ್ಬವನ್ನು ನಾನು ಹಿಡಿದು ದೂರ ನಿಂತೆ. ಅವಳು ಮೊಣಕಾಲವರೆಗೆ ನೀರಿಗಿಳಿದು ಹೂವು ಬಿಟ್ಟು, ಕೈ ಮುಗಿದು ಬಂದಳು. ಆಮೇಲೆ ಬಂಗಡೆ ಸಾರಿನ ಊಟ. ಹೋಟೆಲಿನ ನೆಲ ಒದ್ದೆಯೆಂದು ಯಂತ್ರಕ್ಕೆ ಬೇರೆ ಕುರ್ಚಿ ಕೊಡಿಸಿದಳು.

ಸಂಜೆಯ ಬೆಳಕಿರುವಾಗಲೇ ಮನೆ ಮುಟ್ಟಿದೆವು. ಕಾಲು ತೊಳೆದವಳೇ ಆಯಿ ರೇಸಿಗೆ ಕೂತಳು. ಮೂರನೇ ಸುತ್ತು ದಾಟಿತು, ಐದನೆಯದೂ ಮುಗಿಯಿತು. ಎರಡನೆಯವಳಾಗಿ ಬಂದಳು. ಮತ್ತೊಮ್ಮೆ ಆಡುತ್ತಾಳೆಂದುಕೊಂಡೆ. ಅವಳು ಎದ್ದು, "ಇನ್ನು ನಿನ್ನ ಬಂದೂಕು ಹಾಕು" ಎಂದು ಕುರ್ಚಿ ಬಿಟ್ಟುಕೊಟ್ಟಳು.

ಹಾಕಿದೆ. ಹಳೆಯ ಕಾರ್ಡಿನಲ್ಲಿ ನನ್ನ ಸೈನಿಕ ಒಂದು ಹೆಜ್ಜೆ ಇಟ್ಟು, ನಿಂತು, ಯೋಚಿಸಿ, ಇನ್ನೊಂದು ಇಟ್ಟ. ಶತ್ರುಗಳೂ ಅಷ್ಟೇ ನಿಧಾನವಾಗಿ ಬಂದರು. ಆಯಿ ನನ್ನ ಹೆಗಲ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು.

"ಬ್ರೇಕ್ ಬಿಡು ಮಾರಾಯಾ" ಎಂದಳು.