ಹೊತ್ತು ಮುಳುಗುವುದರೊಳಗೆ ಬೀಳಗಿಗೆ

ಶಿವರಾತ್ರಿ ಮುಗಿದ ವಾರ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಬನಹಟ್ಟಿ ಬಿಡುವುದೆಂದು ಮಾತಾಗಿತ್ತು. ಬಿಟ್ಟಾಗ ಹನ್ನೆರಡೂವರೆ. ಬೀಳಗಿ ತಾಲೂಕಿನ ಹಿನ್ನೀರಿನ ದಂಡೆಯ ಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ಮರುದಿನ ಅವಳ ಬಸುರಿ ಸೊಸೆಗೆ ಕುಬಸ, ಸೀಮಂತದ ಶಾಸ್ತ್ರ. ನಾನೂ ಅವ್ವನೂ ಚೀಲ ಹಿಡಿದು ಅಂಗಳದಲ್ಲಿ ಕೂತಿದ್ದರೆ, ನಮ್ಮ ಯಜಮಾನರು ಜೀಪಿನ ಟಯರಿಗೆ ಗಾಳಿ ತುಂಬಿಸಿ, ಬಿಟ್ಟು, ಮತ್ತೆ ತುಂಬಿಸುತ್ತಿದ್ದರು.

ಆ ಜೀಪಿನ ವಿಷಯ ಹೇಳಬೇಕು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ, ಎರಡೇ ಬಾಗಿಲಿನ ಎತ್ತರದ ಗಾಡಿ. ಯಜಮಾನರದು ನೂಲಿನ ವ್ಯಾಪಾರ. ವಾರವಿಡೀ ನೂಲಿನ ಚೀಲ ಹೋಗುವುದು, ಸಂತೆಯ ಕಾಯಿಪಲ್ಲೆ ಬರುವುದು, ನನ್ನನ್ನು ನಾನು ಪಾಠ ಮಾಡುವ ಶಾಲೆಗೆ ಬಿಡುವುದು, ಎಲ್ಲವೂ ಅದರಲ್ಲೇ. ಭಾನುವಾರ ಮಾತ್ರ ಮೂವರು ಗೆಳೆಯರೊಡನೆ ಕಲ್ಲಿನ ಖಣಿ, ಹಳ್ಳದ ತಳ ಹುಡುಕಿಕೊಂಡು ಹೋಗಿ ಸಿಕ್ಕಿಬೀಳುತ್ತಾರೆ, ಒಬ್ಬರನ್ನೊಬ್ಬರು ಎಳೆದು ತೆಗೆಯುತ್ತಾರೆ. ಅದು ಆಟವಂತೆ. ಸೋಮವಾರ ಆ ಕೆಸರಿನ ಸೀಟಿನ ಮೇಲೆ ಇಸ್ತ್ರಿ ಸೀರೆ ಉಟ್ಟು ಕೂರುವವಳು ನಾನು.

ಅವ್ವನನ್ನು ಹಿಂದಿನ ದಿನವೇ ತೇರದಾಳದಿಂದ ಕರೆತಂದಿದ್ದೆ. ಎಪ್ಪತ್ನಾಲ್ಕು ವರ್ಷ, ಸಕ್ಕರೆ ಕಾಯಿಲೆ. ನಾವು ಜೈನರು. ಅವ್ವ ಹೊತ್ತು ಮುಳುಗಿದ ಮೇಲೆ ಅನ್ನವಿರಲಿ, ನೀರೂ ಮುಟ್ಟುವುದಿಲ್ಲ. ಕಳೆದ ವರ್ಷ ಒಮ್ಮೆ ಸಂಜೆಯ ಊಟ ತಪ್ಪಿ ನಸುಕಿನಲ್ಲಿ ಬಚ್ಚಲ ಬಾಗಿಲಲ್ಲೇ ಬಿದ್ದಿದ್ದಳು. ಗಾಡಿಯಲ್ಲಿ ವಾಂತಿಯಾಗುತ್ತದೆಂದು ಅಂದು ಬೆಳಿಗ್ಗೆ ಬರೀ ಹಾಲು ಕುಡಿದಿದ್ದಳು. ನಾಲ್ಕಕ್ಕೆ ಅಕ್ಕನ ಮನೆಯಲ್ಲಿ ಊಟವೆಂದು ಹೇಳಿದ್ದೆ. ಆದರೂ ಇರಲಿ ಎಂದು ಅನ್ನ, ತೊವ್ವೆಯ ಡಬ್ಬಿ ಕಟ್ಟಿಕೊಂಡಿದ್ದೆ.

ಜಮಖಂಡಿ ಅರ್ಧ ತಾಸಿನ ದಾರಿ. ಅಲ್ಲಿ ಚಹಾದಂಗಡಿ ಮುಂದೆ ಯಜಮಾನರ ಗೆಳೆಯರೊಬ್ಬರು ಸಿಕ್ಕರು. ಇಬ್ಬರೂ ಜೀಪಿನ ಕೆಳಗೆ ತೂರಿ ಮಲಗಿ ಏನನ್ನೋ ನೋಡಿದರು. ನಲವತ್ತು ನಿಮಿಷ. ಮುಂದಿನ ಸೀಟಿನಲ್ಲಿ ಅವ್ವ ಎದುರಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದೇ ಕೂತಿದ್ದಳು.

"ಗಾಡಿ ನಿಂತೈತೆವ್ವಾ, ಕೈ ಬಿಡು," ಎಂದೆ.

"ಯಾವಾಗ ಹಾರತೈತಿ ಹೇಳಾಕ ಬರೂದಿಲ್ಲ," ಎಂದಳು.

ಮುಧೋಳದಲ್ಲಿ ಹಸಿರು ಬಳೆ, ಕುಪ್ಪಸದ ಖಣ ಕೊಳ್ಳುವಷ್ಟರಲ್ಲಿ ಮೂರೂವರೆ. ಬಿಸಿಲು ಚುರುಗುಟ್ಟುತ್ತಿತ್ತು. ಊರು ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಶುರುವಾಯಿತು. ಒಂದೊಂದರ ಹಿಂದೆ ಎರಡೆರಡು ಟ್ರೇಲರು, ರಸ್ತೆ ತುಂಬ ಜೋತುಬಿದ್ದ ಕಬ್ಬು. ಬಾಡಗಂಡಿ ಕಡೆಯ ಸಕ್ಕರೆ ಕಾರ್ಖಾನೆಗೆ ಹೊರಟಿದ್ದವು. ಹದಿನಾರರವರೆಗೆ ಎಣಿಸಿ ಬಿಟ್ಟೆ. ಒಂದು ತಾಸು ಹಾಗೇ ತೆವಳಿದೆವು.

"ಹಿಂಗ ಹೋದ್ರ ಏಳು ಹೊಡೀತೈತಿ," ಎಂದರು ಯಜಮಾನರು. "ಇಲ್ಲೇ ಎಡಕ್ಕ ಹೊಲದ ದಾರಿ ಐತಿ. ಹಿನ್ನೀರು ಸರದೈತಿ, ದಂಡಿ ಗಟ್ಟಿ ಆಗೇತಿ."

"ರಸ್ತಾ ಬಿಡಬ್ಯಾಡ್ರಿ. ಅವ್ವ ಉಂಡಿಲ್ಲ."

"ಅದಕ್ಕ ಅನ್ನಾಕತ್ತೇನಿ. ಇಪ್ಪತ್ತು ನಿಮಿಷದಾಗ ಮುಟ್ಟಸ್ತೇನಿ."

ಅವರ ಮುಖದ ಖುಷಿ ಕನ್ನಡಿಯಲ್ಲಿ ಕಂಡಿತು. ನನಗೆ ಮೈಯೆಲ್ಲ ಉರಿಯಿತು. ದಾರಿಯೆಂದರೆ ಎತ್ತಿನ ಗಾಡಿಯ ಎರಡು ಗೆರೆ. ಒಂದು ಒಣ ಕಾಲುವೆ ಇಳಿದು ಹತ್ತುವಾಗ ನನ್ನ ತಲೆ ಮೇಲಿನ ಕಬ್ಬಿಣಕ್ಕೆ ಬಡಿಯಿತು, ಡಬ್ಬಿ ಬಾಯಿ ಬಿಚ್ಚಿ ಅನ್ನವೂ ತೊವ್ವೆಯೂ ಕಾಲಬುಡದಲ್ಲಿದ್ದ, ಗಾಡಿ ಎಳೆಯುವ ಗ್ರೀಸು ಮೆತ್ತಿದ ಹಗ್ಗದ ಮೇಲೆ ಚೆಲ್ಲಿದವು. ನಾನು ಚೀರಿದೆ. ಅವರು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ವೇಗ ಹೋಗುತ್ತದಂತೆ.

ಹಿನ್ನೀರು ಸರಿದ ಜಾಗ ನೋಡಲು ಒಣಗಿ ಬಿರಿದ ನೆಲ. ನೂರು ಮಾರು ಹೋಗುವಷ್ಟರಲ್ಲಿ ಮೇಲಿನ ಒಣ ಪದರ ಒಡೆದು ಜೀಪು ಒಂದು ಮಗ್ಗುಲಿಗೆ ಕುಸಿಯಿತು. ಅಡಿಯಲ್ಲಿ ಬೆಣ್ಣೆಯಂಥ ಎರೆಮಣ್ಣು. ಯಜಮಾನರು ಸಣ್ಣ ಗೇರು ಹಾಕಿದರು. ನಾಲ್ಕೂ ಗಾಲಿ ತಿರುಗಿದವು, ನಾಲ್ಕೂ ಹೂತವು. ಐದೂಕಾಲು. ಗೆಳೆಯರಿಗೆ ಫೋನು ಮಾಡಿದರೆ ಅತ್ತ ಕಡೆ ನಗು ಕೇಳಿಸಿತು.

"ಟ್ರ್ಯಾಕ್ಟರ್ ತರತೇನಿ, ಅತ್ತಿಯವ್ರ," ಎಂದು ಪ್ಯಾಂಟು ಮಡಚಿ ಬಂದ ದಾರಿಯಲ್ಲೇ ನಡೆದರು. ನನ್ನ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಆರಾಯಿತು. ಅವ್ವನ ಕೈ ಸಣ್ಣಗೆ ನಡುಗುತ್ತಿತ್ತು, ಹಣೆಯಲ್ಲಿ ಬೆವರು. "ಇವತ್ತೊಂದಿನ ಹೊತ್ತು ಮುಳುಗಿದ ಮ್ಯಾಲರ ಉಣ್ಣವ್ವಾ," ಎಂದು ಬೇಡಿಕೊಂಡೆ. ಅವಳು ಬೇಡವೆಂದು ಮುಖ ತಿರುಗಿಸಿದಳು. ಅತ್ತಕಡೆಯ ಕಡಲೆ ಹೊಲದಿಂದ ಬುಟ್ಟಿ ಹೊತ್ತು ಮನೆಗೆ ಹೊರಟಿದ್ದ ಹೆಂಗಸೊಬ್ಬಳು ನಮ್ಮನ್ನು ಕಂಡು ಬಂದಳು. ಹೆಸರು ಶಾಂತವ್ವ.

"ಯಾರ್ರೀ ಇಲ್ಲಿ ಗಾಡಿ ತಂದಾವ್ರು? ನಮ್ಮ ಎಮ್ಮಿ ಸುದ್ದಾ ಇಲ್ಲಿ ಇಳಿಯೂದಿಲ್ಲ!"

ನಾನು ಅಳುತ್ತಲೇ ಅವ್ವನ ಕಾಯಿಲೆ, ನಮ್ಮ ಜೈನರ ನೇಮ ಎರಡೂ ಹೇಳಿದೆ. ಅವಳು ಬುಟ್ಟಿ ಇಳಿಸಿ ಬುತ್ತಿ ಬಿಚ್ಚಿದಳು. ಜೋಳದ ಎರಡು ರೊಟ್ಟಿ ಉಳಿದಿದ್ದವು. "ಪಲ್ಯಾಕ ಬಳ್ಳೊಳ್ಳಿ ಹಾಕೇನ್ರಿ, ನಿಮಗ ನಡೆಯೂದಿಲ್ಲ. ಮಸರೈತಿ ನೋಡ್ರಿ." ಜೈನರು ಬೆಳ್ಳುಳ್ಳಿ ತಿನ್ನುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅವ್ವ ಬೇರೆಯವರ ಮನೆಯ ಅನ್ನ ಮುಟ್ಟುವವಳಲ್ಲ. ಸೂರ್ಯ ನೀರಿನಿಂದ ಒಂದು ಗೇಣು ಮೇಲಿದ್ದ. ಅವಳು ಅವನನ್ನು ನೋಡಿದಳು, ಶಾಂತವ್ವನ ಮಣ್ಣಿನ ಕೈ ನೋಡಿದಳು. "ಕೊಡವ್ವಾ," ಎಂದಳು. ವಾರೆಯಾಗಿ ನಿಂತ ಜೀಪಿನ ಮೆಟ್ಟಿಲ ಮೇಲೆ ಕೂತು ಒಂದೂವರೆ ರೊಟ್ಟಿ ಉಂಡಳು, ಗುಳಿಗೆ ನುಂಗಿದಳು, ಮನೆಯಿಂದ ಸೋಸಿ ತಂದ ನೀರು ಕುಡಿದಳು. ಉಳಿದ ಅರ್ಧ ರೊಟ್ಟಿ ನನ್ನ ಕೈಗಿಟ್ಟಳು. ಅಷ್ಟರಲ್ಲಿ ಹೊತ್ತು ಮುಳುಗಿತು.

ಟ್ರ್ಯಾಕ್ಟರು ಬಂದದ್ದು ಏಳಕ್ಕೆ. ಹತ್ತು ನಿಮಿಷದಲ್ಲಿ ಎಳೆದು ಹಾಕಿತು. ಹಗ್ಗ ಬಿಚ್ಚುತ್ತ ಅದರ ಚಾಲಕ, "ಸಾಹೇಬ್ರ, ನಾಕೂ ಗಾಲಿ ತಿರಗತಾವಂತ ಕೆಸರಿಗಿ ಏನ್ ಗೊತ್ರೀ," ಎಂದ. ಯಜಮಾನರು ನಗಲಿಲ್ಲ. ಅಕ್ಕನ ಮನೆ ಮುಟ್ಟಿದಾಗ ಪೂರ್ತಿ ಕತ್ತಲಾಗಿತ್ತು.

ಮರುದಿನ ಕುಬಸ ಚೆನ್ನಾಗಿ ಆಯಿತು. ಊಟ ಮುಗಿಸಿ ಹೊರಡುವಾಗ ಯಜಮಾನರು ಸೀಟು ಒರೆಸಿ ಬಾಗಿಲು ತೆರೆದು ನಿಂತಿದ್ದರು. ಅವ್ವ ಚೀಲ ಹೆಗಲಿಗೇರಿಸಿ ಅವರ ಮುಂದೆ ನಿಂತಳು.

"ಅಳ್ಯಾರ, ನಿಮ್ಮ ಗಾಡಿ ಛಲೋ ಐತಿ. ನಾ ಬಸ್ಸಿಗಿ ಹೋಗತೇನಿ."

ಅವರು ತಲೆ ತಗ್ಗಿಸಿ, "ತಪ್ಪಾತ್ರಿ ಅತ್ತಿಯವ್ರ," ಎಂದರು. ಅವ್ವ, "ಆತು ಬಿಡ್ರಿ," ಎಂದು ನಿಲ್ದಾಣದ ಕಡೆ ನಡೆದೇಬಿಟ್ಟಳು. ನಾನೂ ಹಿಂದೆ ಹೋದೆ.

ಹಳ್ಳಿಯ ಬಸ್ಸಿನಲ್ಲಿ ಬೀಳಗಿಗೆ ಹೋದೆವು, ಅಲ್ಲಿ ಮುಧೋಳದ ಬಸ್ಸು ಸಿಕ್ಕಿತು. ಆಧಾರ್ ಕಾರ್ಡು ತೋರಿಸಿದೆವು, ಇಬ್ಬರಿಗೂ ಪುಕ್ಕಟೆ ಟಿಕೆಟು. ಈಗ ಎದುರಿನಿಂದ ಅದೇ ಕಬ್ಬಿನ ಸಾಲು, ಅದೇ ತೆವಳಾಟ. ಅವ್ವ ಕಿಟಕಿಗೆ ತಲೆ ಆನಿಸಿ ಕೈ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಸಾಲು ಕರಗಿ ರಸ್ತೆ ತೆರವಾದ ಮೇಲೆ ಹಿಂದಿನ ಗಾಜಿನಲ್ಲಿ ನೋಡಿದೆ. ಕೆಸರು ಮೆತ್ತಿದ ಜೀಪು ಬಸ್ಸಿನ ಹಿಂದೆಯೇ ಬರುತ್ತಿತ್ತು, ಮುಂದೆ ಹಾಯುವ ಅವಸರವಿಲ್ಲದೆ.

"ನಮ್ಮ ಬೆನ್ನ ಹತ್ಯಾರ ನೋಡವ್ವಾ," ಎಂದೆ, ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅವ್ವ ಕಣ್ಣು ತೆರೆಯಲಿಲ್ಲ.

"ಬರ್ಲಿ ಬಿಡು. ರಸ್ತಾದ ಮ್ಯಾಲರ ಬರಾಕತ್ತಾರಲ್ಲ."