ಅಲ್ಪವಿರಾಮದಲ್ಲಿ ನಿಂತ ಟಿಪ್ಪಣಿ

ಶಾಸನಸಭೆಯ ಗ್ರಂಥಾಲಯದ ಹಿಂಬದಿ, ಲಿಫ್ಟು ತಲುಪದ ಮೂರನೇ ಮಹಡಿಯಲ್ಲಿ ಸಂಶೋಧನಾ ವಿಭಾಗವಿತ್ತು. ಅಲ್ಲಿ ಕೂತು ಇಪ್ಪತ್ತಾರು ವರ್ಷ ಸದಸ್ಯರಿಗೆ ಟಿಪ್ಪಣಿ ಬರೆದುಕೊಟ್ಟ ಹೆಂಗಸನ್ನು ಎಲ್ಲರೂ ‘ಅಡಿಟಿಪ್ಪಣಿ ಅಕ್ಕ’ ಎನ್ನುತ್ತಿದ್ದರು. ಎದುರಿಗೆ ಬರೀ ಅಕ್ಕ, ಬೆನ್ನ ಹಿಂದೆ ಪೂರ್ತಿ ಹೆಸರು. ಆಧಾರ ತೋರಿಸದೆ ಅವಳು ಒಂದು ಮಾತೂ ಬರೆದವಳಲ್ಲ. ಹಲ್ಲಿನ ಸೆಟ್ಟು ಮಾಡುವ ಕಸುಬಿನ ಅವಳ ಗಂಡ, “ಇವಳು ತರಕಾರಿ ಚೀಟಿ ಬರೆದ್ರೂ ಕೆಳಗೆ ನಕ್ಷತ್ರದ ಗುರುತು ಹಾಕಿ, ಹೋದ ವಾರದ ಆಲೂಗಡ್ಡೆ ಮೊಳಕೆ ಬಂದಿತ್ತು ಅಂತ ಸೇರಿಸ್ತಾಳೆ” ಎಂದು ಬಂದವರನ್ನು ನಗಿಸುತ್ತಿದ್ದ.

ಅವಳ ಪಾಲಿಗೆ ಬಂದದ್ದು ಎರಡು ವಿಷಯ: ದೇಶದ ಭದ್ರತೆ ಮತ್ತು ಸದನದ ನಿಯಮಾವಳಿ. ಗುಪ್ತಚರ, ಗಡಿ, ಬಂಧನದ ಅಧಿಕಾರ, ಇವುಗಳ ಮೇಲೆ ಮಸೂದೆ ಬಂದಾಗಲೆಲ್ಲ ಎಲ್ಲ ಪಕ್ಷದವರೂ ಅದೇ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಅವಳ ಮೇಜಿನ ಮುಂದೆ ನಿಲ್ಲುತ್ತಿದ್ದರು. ಒಬ್ಬರಿಗೆ ಬರೆದುಕೊಟ್ಟದ್ದನ್ನು ಇನ್ನೊಬ್ಬರ ಹತ್ತಿರ ಬಾಯಿ ಬಿಡುವಂತಿರಲಿಲ್ಲ. ಮನೆಯಲ್ಲೂ ಬಿಟ್ಟವಳಲ್ಲ.

ಆ ಸದಸ್ಯರಲ್ಲಿ ಒಬ್ಬ ಅವಳ ಕೈಯಲ್ಲೇ ಕೆಲಸ ಕಲಿತವನು. ಹನ್ನೆರಡು ವರ್ಷದ ಹಿಂದೆ ಪಕ್ಕದ ಮೇಜಿಗೆ ಬಂದು ಸೇರಿದ್ದ. ಮಸೂದೆಯನ್ನು ಕೊನೆಯ ಪುಟದಿಂದ ಓದಬೇಕು, ಬಚ್ಚಿಟ್ಟದ್ದೆಲ್ಲ ಅಲ್ಲಿರುತ್ತದೆ ಎಂದು ಅವಳೇ ಹೇಳಿಕೊಟ್ಟಿದ್ದಳು. ಮೂರು ವರ್ಷ ಇದ್ದು ರಾಜಕೀಯಕ್ಕೆ ಇಳಿದ, ಒಮ್ಮೆ ಸೋತ, ಆಮೇಲೆ ಗೆದ್ದ. ಗೆದ್ದ ದಿನ ಹಾರ ತುರಾಯಿಗಳನ್ನು ಕಾರಿನಲ್ಲೇ ಬಿಟ್ಟು ಅವಳ ಮನೆಗೆ ಬಂದು, ಅತ್ತೆಯ ಮಂಚದ ತುದಿಯಲ್ಲಿ ಕೂತು ಎರಡು ಗಂಟೆ ಹರಟಿದ್ದ. ಅವಳಿಗೆ ಒಡಹುಟ್ಟಿದವರಿರಲಿಲ್ಲ. ಅವನ ಬಾಯಿಂದ ‘ಅಕ್ಕ’ ಎಂಬುದು ಉಳಿದವರು ಕರೆದ ಹಾಗೆ ಕೇಳಿಸುತ್ತಿರಲಿಲ್ಲ.

ಅವನದೇ ಪಕ್ಷದ ಸರ್ಕಾರ ಒಂದು ಮಸೂದೆ ತಂದಿತು. ಯಾರ ಫೋನನ್ನಾದರೂ ಕದ್ದು ಕೇಳಬಹುದು, ಯಾರನ್ನಾದರೂ ನ್ಯಾಯಾಧೀಶರ ಮುಂದೆ ನಿಲ್ಲಿಸದೆ ಅರವತ್ತು ದಿನ ಕೂಡಿಹಾಕಬಹುದು ಎಂಬ ಮಸೂದೆ. ಸೋಮವಾರ ಬೆಳಿಗ್ಗೆ ಅವನು ಮೆಟ್ಟಿಲು ಹತ್ತಿ ಬಂದ.

“ಅಕ್ಕ, ನಮ್ಮವರದೇ ಮಸೂದೆ. ಆದ್ರೆ ನಂಗೆ ಮನಸ್ಸು ಒಪ್ತಿಲ್ಲ. ಸಮಿತಿಗೆ ಹೋದ್ರೆ ಆರು ತಿಂಗಳು ನಾಲ್ಕು ಜನ ಓದ್ತಾರೆ, ತಿದ್ತಾರೆ. ಸಮಿತಿ ತಪ್ಪಿಸೋಕೆ ನಮ್ಮವರಿಗೆ ಯಾವ ದಾರಿ ಇದೆ ಅಂತ ಬರೆದುಕೊಡು. ಗೊತ್ತಿದ್ರೆ ತಾನೇ ನಾನು ಅಡ್ಡ ನಿಲ್ಲೋಕಾಗೋದು?”

“ನಿನ್ನ ಪಕ್ಷದವರು ಸುಮ್ಮನೆ ಬಿಡ್ತಾರಾ?”

“ಬಿಡದೆ ಇದ್ರೆ ವಾಪಸ್ ಬಂದು ಈ ಮೇಜಲ್ಲೇ ಕೂತ್ಕೋತೀನಿ.”

ಅವಳಿಗೆ ಹೊಟ್ಟೆ ತಣ್ಣಗಾಯಿತು. ಕಲಿಸಿದ್ದು ನೀರಿನಲ್ಲಿ ಹೋಮವಾಗಲಿಲ್ಲ ಅಂದುಕೊಂಡಳು. ಮೂರು ದಿನ ಊಟಕ್ಕೂ ಏಳದೆ ಹಳೆಯ ಕಲಾಪದ ಸಂಪುಟಗಳನ್ನು ತಿರುವಿ ನಾಲ್ಕು ಪುಟ ಬರೆದಳು. ಮೊದಲೆರಡು ಪುಟದಲ್ಲಿ ದಾರಿ ಇತ್ತು: ತಕ್ಷಣದ ಅಪಾಯವಿದೆಯೆಂದು ಸದನ ಒಪ್ಪಿದರೆ, ನಿಯಮ ಎಂಬತ್ತೆಂಟರಂತೆ ಭದ್ರತೆಯ ಮಸೂದೆಯನ್ನು ಸಮಿತಿಗೆ ಕಳಿಸದೆ ಮತಕ್ಕೆ ಹಾಕಬಹುದು. ಕೊನೆಯೆರಡು ಪುಟದಲ್ಲಿ ಆ ದಾರಿಗೆ ಅಡ್ಡಲಾಗಿ ಇಡಬೇಕಾದ ಕಲ್ಲುಗಳಿದ್ದವು. ಆ ನಿಯಮ ಹಿಂದೆ ಬಳಕೆಯಾದದ್ದು ಎರಡೇ ಸಲ. ಎರಡು ಸಲವೂ ಅಪಾಯದ ವರದಿಯನ್ನು ಸದನದ ಮುಂದಿಟ್ಟಿದ್ದರು. ಕಾಯ್ದೆ ವರ್ಷದೊಳಗೆ ತಾನೇ ರದ್ದಾಗಬೇಕು, ನಡುವೆ ಮರುಪರಿಶೀಲನೆ ನಡೆಯಬೇಕು ಎಂಬ ಕಲಮುಗಳನ್ನೂ ಸೇರಿಸಿದ್ದರು.

ಶುಕ್ರವಾರ ಮಧ್ಯಾಹ್ನ ಅವಳ ಮೇಜಿನ ಫೋನು ಬಡಿದುಕೊಂಡಿತು. ಮನೆಯಿಂದ ಅತ್ತೆ. ಮುದುಕಿಗೆ ಸದನದ ಕಲಾಪವನ್ನು ರೇಡಿಯೋದಲ್ಲಿ ಕೇಳುವ ಚಟ; ಯಾರು ಕೆಮ್ಮಿದರು ಎಂಬುದನ್ನೂ ಗುರುತಿಸುತ್ತಿದ್ದಳು.

“ಏನೇ, ನಿನ್ನ ತಮ್ಮ ಮಾತಾಡ್ತಿದ್ದಾನೆ. ಥೇಟ್ ನಿನ್ನ ಹಾಗೇ ಮಾತಾಡ್ತಿದ್ದಾನಲ್ಲೇ!”

ಅವಳು ಮೆಟ್ಟಿಲು ಇಳಿದು, ಓಣಿ ದಾಟಿ, ಪ್ರೇಕ್ಷಕರ ಗ್ಯಾಲರಿಗೆ ಓಡಿದಳು. ಅವನು ಎದ್ದು ನಿಂತಿದ್ದ. ಕೈಯಲ್ಲಿ ಅವಳ ಕಾಗದ.

“ಇದು ನಮ್ಮ ಮಾತಲ್ಲ, ಸಭೆಯ ಸ್ವಂತ ಸಂಶೋಧನಾ ವಿಭಾಗದ ಮಾತು,” ಎಂದು ಓದಿದ. “ಇಂಥ ಮಸೂದೆಯನ್ನು ಸಮಿತಿಗೆ ಕಳಿಸದೆಯೇ ಮತಕ್ಕೆ ಹಾಕಲು ನಿಯಮದಲ್ಲಿ ಅವಕಾಶವಿದೆ.”

ಅವಳು ಬರೆದ ವಾಕ್ಯದಲ್ಲಿ ಆಮೇಲೆ ಒಂದು ಅಲ್ಪವಿರಾಮವಿತ್ತು, ಅದರ ಮುಂದೆ ‘ಆದರೆ’ ಇತ್ತು. ಅವನು ಅಲ್ಪವಿರಾಮವನ್ನೇ ಪೂರ್ಣವಿರಾಮ ಮಾಡಿ ಕೂತುಬಿಟ್ಟ. ಸಮಿತಿ ಬೇಡ ಎಂಬ ನಿರ್ಣಯ ಹತ್ತು ನಿಮಿಷದಲ್ಲಿ ಪಾಸಾಯಿತು. ಮಸೂದೆಯ ಮೇಲಿನ ಮತ ಮಂಗಳವಾರಕ್ಕೆ ನಿಗದಿಯಾಯಿತು.

ಹೊರಗೆ, ಕೋಟು ನೇತುಹಾಕುವ ಕೋಣೆಯ ಹತ್ತಿರ ಅವನನ್ನು ತಡೆದಳು.

“ಏನೋ ಮಾಡಿದೆ ನೀನು?”

“ನೀನು ಬರೆದದ್ದನ್ನೇ ಓದಿದೆ ಅಕ್ಕ. ಒಂದಕ್ಷರ ಸೇರಿಸಿಲ್ಲ.”

“ಸೇರಿಸಿಲ್ಲ. ನುಂಗಿದ್ದೀಯ.”

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. “ನನ್ನನ್ನ ಉಪಮಂತ್ರಿ ಮಾಡ್ತಾರಂತೆ. ಅಲ್ಲಿ ಕೂತ್ರೆ ಒಳಗಿಂದ ಸರಿ ಮಾಡಬಹುದು. ಸ್ವಲ್ಪ ದಿನ ಸುಮ್ನಿರು.”

“ಸೋಮವಾರ ಮೆಟ್ಟಿಲು ಹತ್ತುವಾಗಲೇ ಇದು ನಿನ್ನ ತಲೇಲಿತ್ತಾ?”

ಅವನು ಕೋಟು ಹಾಕಿಕೊಳ್ಳತೊಡಗಿದ. ತೋಳು ಸಿಗದೆ ಎರಡು ಸಲ ತಡಕಾಡಿದ. ಹಿಂದೆ ಎಷ್ಟೋ ಸಲ ಹಾಗೆ ತಡಕಾಡಿದಾಗ ಅವಳು ಹಿಡಿದುಕೊಟ್ಟಿದ್ದಳು. ಈಗ ಕೈ ಏಳಲಿಲ್ಲ.

ಟಿಪ್ಪಣಿ ಅವನ ಸ್ವತ್ತು. ಅದರಲ್ಲೇನಿದೆಯೆಂದು ಅವಳು ಯಾರಿಗೂ ಹೇಳುವಂತಿರಲಿಲ್ಲ. ಆದರೆ ಸೋಮವಾರ, ವಿರೋಧ ಪಕ್ಷದ ಅತಿ ಹಿರಿಯ ಸದಸ್ಯೆ ಊರುಗೋಲು ಕುಟ್ಟುತ್ತ ಮೂರು ಮಹಡಿ ಹತ್ತಿ ಬಂದು ಕುರ್ಚಿಯಲ್ಲಿ ಕುಸಿದಳು.

“ಸದನದಲ್ಲಿ ಒಬ್ಬರು ಕಾಗದ ಓದಿದ್ರೆ, ಪೂರ್ತಿ ಕಾಗದ ಇಡಿ ಅಂತ ಕೇಳೋಕೆ ನಿಯಮ ಇದೆಯೇನಮ್ಮ?”

“ಇದೆ. ನೂರಾ ಹದಿನಾಲ್ಕು.”

“ಕೇಳಿದ್ರೆ ಪ್ರಯೋಜನ ಇದೆಯಾ?”

“ಅದನ್ನ ನಾನು ಹೇಳೋ ಹಾಗಿಲ್ಲ,” ಎಂದಳು. ಹಿರಿಯ ಸದಸ್ಯೆ ಅವಳ ಮುಖವನ್ನೇ ನೋಡಿ ಎದ್ದು ಹೋದಳು.

ಮಂಗಳವಾರ ಆ ಸದಸ್ಯೆ ಕೇಳಿದ್ದಕ್ಕೆ ನಾಲ್ಕೂ ಪುಟ ಸದನದ ಮುಂದೆ ಬಂದವು. ಗ್ಯಾಲರಿಯಲ್ಲಿ ಅವಳು ಕೂತಿದ್ದಳು. ಅವನು ನಿಧಾನವಾಗಿ ಎದ್ದು ಜೇಬಿನಿಂದ ಇನ್ನೊಂದು ಕಾಗದ ತೆಗೆದ. ಸಂಶೋಧನಾ ವಿಭಾಗದ ಮುಖ್ಯಸ್ಥ ಸಹಿ ಮಾಡಿದ ಪತ್ರ: ಕೊನೆಯ ಎರಡು ಪುಟಗಳು ಬರೆದವರ ಖಾಸಗಿ ಅಭಿಪ್ರಾಯ, ವಿಭಾಗದ ಒಪ್ಪಿಗೆ ಪಡೆದಿಲ್ಲ. ಆ ನಾಲ್ಕೂ ಪುಟ ಓದಿ, “ಎಂದಿನ ಹಾಗೆ ಬೆರಳಿಡೋಕೆ ಜಾಗ ಇಲ್ಲ” ಎಂದು ಮೆಚ್ಚಿದವರು ಅದೇ ಮುಖ್ಯಸ್ಥರು. ಹತ್ತೊಂಬತ್ತು ವರ್ಷ ಇಬ್ಬರೂ ಒಂದೇ ಫ್ಲಾಸ್ಕಿನ ಚಹಾ ಕುಡಿದಿದ್ದರು. ತಮ್ಮನ ಏಟಿಗೆ ಅವಳು ಮೈ ಗಟ್ಟಿಮಾಡಿಕೊಂಡು ಬಂದಿದ್ದಳು. ಈ ಪೆಟ್ಟು ಯಾವ ಕಡೆಯಿಂದ ಬಂತೆಂದೇ ತಿಳಿಯಲಿಲ್ಲ. ಮಸೂದೆ ಹನ್ನೊಂದು ಮತಗಳ ಅಂತರದಲ್ಲಿ ಪಾಸಾಯಿತು.

ಮುಖ್ಯಸ್ಥರು ಮರುದಿನ, “ನಿವೃತ್ತಿಗೆ ಎಂಟು ತಿಂಗಳಿದೆ, ನನ್ನ ಪರಿಸ್ಥಿತಿ ಅರ್ಥ ಮಾಡ್ಕೊಳ್ಳಿ” ಎಂದರು. ಅವಳು ಅರ್ಥ ಮಾಡಿಕೊಂಡಳು, ಕ್ಷಮಿಸಲಿಲ್ಲ. ಆ ಪತ್ರಕ್ಕೆ ತನ್ನ ಒಪ್ಪಿಗೆಯಿಲ್ಲವೆಂದು ಎರಡು ಸಾಲು ಬರೆದು ಕಡತಕ್ಕೆ ಸೇರಿಸಿದಳು. ತಿಂಗಳೊಳಗೆ ಅವಳನ್ನು ನೆಲಮಾಳಿಗೆಯಲ್ಲಿ ಕಲಾಪಕ್ಕೆ ವಿಷಯಸೂಚಿ ಬರೆಯುವ ವಿಭಾಗಕ್ಕೆ ಹಾಕಿದರು. ಅತ್ತೆ ರೇಡಿಯೋ ಹಚ್ಚುವುದನ್ನು ಬಿಟ್ಟಳು. ಗಂಡ ನಗೆಚಾಟಿಕೆ ಬಿಟ್ಟು, ಸಂಜೆ ಬಸ್ ಸ್ಟಾಪಿಗೆ ಬಂದು ಸುಮ್ಮನೆ ಜೊತೆಗೆ ನಡೆಯತೊಡಗಿದ.

ಎರಡು ವರ್ಷ ಕಳೆಯಿತು. ಸರ್ಕಾರ ಬಿತ್ತು, ವಿರೋಧ ಪಕ್ಷ ಅಧಿಕಾರಕ್ಕೆ ಬಂತು. ಹೊಸ ಮುಖ್ಯಸ್ಥೆ ಅವಳನ್ನು ಮತ್ತೆ ಮೇಲಕ್ಕೆ ಕರೆಸಿಕೊಂಡಳು. ಒಂದು ಬೆಳಿಗ್ಗೆ ಅವನು ಮೇಜಿನ ಮುಂದೆ ನಿಂತಿದ್ದ. ಕಣ್ಣ ಕೆಳಗೆ ಕಪ್ಪು, ಫೋನಿನ ಬ್ಯಾಟರಿ ತೆಗೆದಿಟ್ಟಿದ್ದ.

“ಅಕ್ಕ, ನನ್ನ ಫೋನ್ ಕೇಳ್ತಿದ್ದಾರೆ. ನನ್ನ ಡ್ರೈವರನ್ನ ಹಿಡಿದು ನಲವತ್ತು ದಿನ ಆಯ್ತು. ಆ ಕಾಯ್ದೆನ ಮರುಪರಿಶೀಲನೆಗೆ ತರೋಕೆ ಏನಾದ್ರೂ ದಾರಿ ಇದ್ರೆ...”

“ಕೂತ್ಕೊಳ್ಳಿ ಸಾರ್,” ಎಂದಳು. “ಈ ಅರ್ಜಿ ತುಂಬಿ. ಮೂರು ದಿನದಲ್ಲಿ ಕಳಿಸ್ತೀವಿ.”

‘ಸಾರ್’ ಕೇಳಿ ಅವನ ಮುಖ ಬಿಳಿಚಿಕೊಂಡಿತು. ಬಗ್ಗಿ ಅರ್ಜಿ ತುಂಬಿದ.

ಮೂರು ದಿನ ಅವಳು ಹುಡುಕಿದಳು, ಬೇರೆ ಯಾರಿಗೆ ಹುಡುಕುತ್ತಿದ್ದಳೋ ಅಷ್ಟೇ ಶ್ರದ್ಧೆಯಿಂದ. ಕೂಡಿಹಾಕಿದ ಡ್ರೈವರನ ಹೆಂಡತಿಯ ಯೋಚನೆ ಮತ್ತೆ ಮತ್ತೆ ಬರುತ್ತಿತ್ತು. ಸಿಕ್ಕ ಉತ್ತರ ಚಿಕ್ಕದು: ಮರುಪರಿಶೀಲನೆಯ ಕಲಮು ಕಾಯ್ದೆಯಲ್ಲಿಲ್ಲ, ಹೊಸ ಮಸೂದೆಯೇ ಬೇಕು, ಅದಕ್ಕೆ ಬಹುಮತ ಬೇಕು. ಹೊಸ ಮಸೂದೆಯ ಕರಡನ್ನೂ ಜೊತೆಗೆ ಬರೆದಿಟ್ಟಳು. ಲಕೋಟೆ ಅಂಟಿಸಿ, ಜವಾನನ ಕೈಯಲ್ಲಿ ಕೊಟ್ಟು ಕಳಿಸಿದಳು.

ಅಂದು ಮನೆಯಲ್ಲಿ ಅತ್ತೆ ಕೇಳಿದಳು, “ಬಂದಿದ್ನಂತಲ್ಲ. ಏನಂದ?”

“ಅಕ್ಕ ಅಂದ,” ಎಂದಳು ಅವಳು. ಆಮೇಲೆ ಬಹಳ ಹೊತ್ತು ಅತ್ತಳು. ಅತ್ತೆ ಬೆನ್ನು ಸವರುತ್ತ ಕೂತಿದ್ದಳು.